ಅಮ್ಮ ಇಳಿದ ಗುಡ್ಡ

ನಮ್ಮ ಗುಡ್ಡಕ್ಕೆ ಮೊದಲ ಸಲ ಬಂದವರೆಲ್ಲ ಬೆಪ್ಪಾಗುತ್ತಾರೆ, ಅದನ್ನು ನೋಡುವುದೇ ನನಗೊಂದು ಖುಷಿ! ನೆತ್ತಿಯಲ್ಲಿ ಚೆಂದದ ಕಲ್ಲುಪೀಠವಿದೆ, ಅದರ ಮೇಲೆ ಏನೂ ಇಲ್ಲ. ವ್ಯಾಕುಲಮಾತೆಯ ಪ್ರತಿಮೆ ಇರುವುದು ಕೆಳಗೆ ಅರ್ಧ ದಾರಿಯಲ್ಲಿ, ಎರಡು ಬಂಡೆಗಳ ಮೇಲೆ ಅಡ್ಡ ಹಾಸಿದ ಒರಟು ಚಪ್ಪಡಿಯ ಒಂದು ತುದಿಯಲ್ಲಿ. ಶಿಲುಬೆಯ ಮೇಲೆ ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿ. 'ಅಲ್ಲಾ ಉಪದೇಶಿಗಳೇ, ಮೇಲೆ ಪೀಠ ಖಾಲಿ ಬಿಟ್ಟು ಅಮ್ಮನನ್ನು ದಾರಿಯಲ್ಲಿ ಕೂರಿಸಿದ್ದೀರಲ್ಲ?' ಎಂದು ಕೇಳದವರಿಲ್ಲ. ಕೇಳಲಿ ಎಂದೇ, ಇಲ್ಲಿನ ಚರ್ಚಿನ ಉಪದೇಶಿಯಾದ ನಾನೂ ಕಾದಿರುತ್ತೇನೆ.

ಹಿಂದೆ ಒಮ್ಮೆ, ಪ್ರತಿಮೆ ನೆತ್ತಿಯಲ್ಲೇ ಇದ್ದ ಕಾಲಕ್ಕೆ, ಕೆಳಗಿನ ಕೇರಿಯಲ್ಲಿ ಚೌರಮ್ಮ ಎಂಬ ವಿಧವೆ ಇದ್ದಳಂತೆ. ಅವಳ ಒಬ್ಬಳೇ ಮಗಳು ತೆರೇಜಮ್ಮ ತುಂಬು ಬಸುರಿಯಾಗಿ, ಹೆರದೆಯೇ ತೀರಿಕೊಂಡಳು. ಹಾಗೆ ಸತ್ತವಳ ಹೆಸರಿನಲ್ಲಿ ದಾರಿಬದಿಗೆ ಹೊರೆಗಲ್ಲು ನಿಲ್ಲಿಸುವುದು ನಮ್ಮ ಸೀಮೆಯ ರೂಢಿ. ಎರಡು ಕಲ್ಲುಗಳ ಮೇಲೆ ಎದೆಯೆತ್ತರಕ್ಕೆ ಹಾಸಿದ ಆ ಚಪ್ಪಡಿಗೆ ದಾರಿಹೋಕರು ತಲೆಹೊರೆ ಜಾರಿಸಿ ಸುಧಾರಿಸಿಕೊಂಡರೆ, ಇಳಿಸಲಾಗದ ಹೊರೆಯೊಂದಿಗೆ ಹೋದವಳಿಗೂ ಹಗುರಾಗುತ್ತದೆಂಬ ನಂಬಿಕೆ. ಆದರೆ ಚೌರಮ್ಮನ ಸಿಟ್ಟು ದಾರಿಬದಿಯಲ್ಲಿ ನಿಲ್ಲುವಂಥದ್ದೇ? ಚಪ್ಪಡಿಯನ್ನು ನೆತ್ತಿಗೇ ಒಯ್ದು, ಅಮ್ಮನ ಕಣ್ಣೆದುರು ಇಟ್ಟು, 'ಯಾಕೆ ಕಿತ್ಕೊಂಡೆ?' ಎಂದು ಕೇಳುತ್ತೇನೆ, ಒಯ್ಯಲಾಗದಿದ್ದರೆ ಇನ್ನು ದೇವಾಲಯದ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆಯಿಟ್ಟಳು. ಹೊರೆ ಹೊತ್ತವರು ಯಾರೂ ಹೋಗದ ನೆತ್ತಿಯಲ್ಲಿ ಹೊರೆಗಲ್ಲಿಟ್ಟರೆ ಯಾರಿಗೇನು ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ, ಪಾಪ.

ತಲೆಗೆ ಸಿಂಬೆ ಸುತ್ತಿ ಚಪ್ಪಡಿ ಹೊತ್ತು ಹೊರಟೇಬಿಟ್ಟಳು. ಸಂತೆಯ ಕಾಲುದಾರಿ ಗುಡ್ಡವನ್ನು ಅಡ್ಡ ಹಾಯುವಲ್ಲಿ ಸೌದೆ ಮಾರುವ ಪುಟ್ಟಮಾದಿ ಎದುರಾದಳು. ಅವಳೂ ತುಂಬು ಬಸುರಿ! ತಲೆಯ ಮೇಲೆ ಸೌದೆಹೊರೆ, ಕಾಲು ತಡವರಿಸುತ್ತಿದೆ, ನೆಲಕ್ಕೆ ಹಾಕಿದರೆ ಮತ್ತೆ ಎತ್ತಿಕೊಡುವವರಿಲ್ಲ. 'ಅವ್ವಾ, ಒಸಿ ಹಿಡ್ಕೊಳವ್ವಾ, ಬಿದ್ದೋಯ್ತೀನಿ!' ಚೌರಮ್ಮನಿಗೆ ಮಗಳೇ ಕೂಗಿದಂತಾಯಿತು. ಪಕ್ಕದ ಎರಡು ಬಂಡೆಗಳ ಮೇಲೆ ಚಪ್ಪಡಿ ಜಾರಿಸಿ, ಓಡಿಹೋಗಿ, ಅವಳ ಹೊರೆಯನ್ನು ಹಿಡಿದು ಅದೇ ಚಪ್ಪಡಿಯ ಮೇಲೆ ಇಳಿಸಿದಳು. ಪುಟ್ಟಮಾದಿ ಬಂಡೆಗೊರಗಿ ಉಸಿರು ಬಿಟ್ಟು, 'ಈ ಕಲ್ಲ ಇಲ್ಲೇ ಬುಟ್ಬುಡವ್ವ, ನಾಳೀಕೂ ಬತ್ತೀನಿ' ಎಂದಳು. ಅದನ್ನು ಮತ್ತೆ ಎತ್ತಿಕೊಳ್ಳಲು ಚೌರಮ್ಮನಿಗೆ ಮನಸ್ಸು ಬರಲಿಲ್ಲ. ಆಣೆಯಂತೆ ದೇವಾಲಯ ಬಿಟ್ಟಳು, ಆದರೆ ದಿನವೂ ನೀರಿನ ಗಡಿಗೆ ಹಿಡಿದು ಕಲ್ಲಿನ ಬಳಿ ನಿಂತು, ಬಂದವರ ಹೊರೆಗೆ ಕೈಕೊಡತೊಡಗಿದಳು. ತಾನು ನೊಂದಿದ್ದರಿಂದ ಯಾರಿಗೆ ಎಷ್ಟು ಭಾರವಾಗಿದೆಯೆಂದು ಅವಳಿಗೆ ದೂರದಿಂದಲೇ ತಿಳಿಯುತ್ತಿತ್ತು ಎನ್ನುತ್ತಾರೆ.

ಶುಭ ಶುಕ್ರವಾರ ಬಂತು. ನೆತ್ತಿಯಿಂದ ತಂದು ಕೇರಿ ಸುತ್ತಿಸಿದ ಪ್ರತಿಮೆಯನ್ನು ಹೊತ್ತು ಗುಡ್ಡ ಹತ್ತುತ್ತಿದ್ದವರು ದಣಿದು, ಆ ಕಲ್ಲಿನ ಮೇಲೇ ಇಳಿಸಿದರು. ನೀರು ಕೊಡುತ್ತಿದ್ದ ಚೌರಮ್ಮ ತಲೆಯೆತ್ತಿದಳು. ಆಹಾ, ಆ ಗಳಿಗೆಯ ಕಥೆ ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ! ಹುಟ್ಟಿದಾಗಿನಿಂದ ಕೈಮುಗಿದಿದ್ದರೂ ಅಮ್ಮನ ಮಡಿಲಲ್ಲಿ ಏನಿದೆಯೆಂದು ಅವಳು ನೋಡಿದ್ದು ಅವತ್ತೇ. ಕೇಳಬೇಕೆಂದಿದ್ದ ಪ್ರಶ್ನೆ ಬಾಯಿಗೆ ಬರಲೇ ಇಲ್ಲ. 'ನಿಂದೂ ಇದೇ ಹೊರೆಯೇನವ್ವಾ? ಸುಧಾರಿಸ್ಕೊ, ನನ್ ಮಗಳ ಕಲ್ಲು ಇದು' ಎಂದು ಪ್ರತಿಮೆಯನ್ನು ತಬ್ಬಿ ಬಿಕ್ಕಿದಳು. 'ಅಮ್ಮ ಇಳಿದುಬಂದಳು! ಚೌರಮ್ಮನಿಗಾಗಿ ಇಳಿದುಬಂದಳು!' ಎಂದು ಜನ ಕೂಗಿದರು. ಪ್ರತಿಮೆ ಎತ್ತಲು ಬಂದವರನ್ನು ಚರ್ಚಿನ ಸ್ವಾಮಿಯವರು ತಡೆದು, 'ಬೇಡಿ, ಅಲ್ಲೇ ಇರಲಿ' ಎಂದರು.

ಅಂದಿನಿಂದ ಇದು ಅಮ್ಮ ಇಳಿದ ಗುಡ್ಡ. ಚಪ್ಪಡಿಯ ಇನ್ನೊಂದು ತುದಿ ಇವತ್ತಿಗೂ ಖಾಲಿ, ಹೊರೆ ಇಳಿಸಿ ಇಳಿಸಿ ಸವೆದು ನುಣುಪಾಗಿದೆ. ಅಲ್ಲಿ ಹೂವಿಡಲು ಬಂದವರನ್ನು ನಾನು ಗದರಿಸುತ್ತೇನೆ. ಮೊನ್ನೆ, ಕೈಗೂಸನ್ನು ಕಳೆದುಕೊಂಡ ಹುಡುಗಿಯೊಬ್ಬಳು ಬಂದು, ಬರಿಗೈಗಳನ್ನು ಅಲ್ಲಿಟ್ಟು ತುಂಬ ಹೊತ್ತು ನಿಂತಿದ್ದಳು. ಹೋಗುವಾಗ, ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ಮುದುಕಿಯ ಚೀಲವನ್ನು ತಾನೇ ಎತ್ತಿಕೊಂಡು ನಡೆದಳು.