ಕೊಕ್ಕರೆಗಳ ನಗೆ

“ಕೊಕ್ಕರೆಗಳ ನಾಡಿನವರಿಗೆ ನಗಲು ಬರುವುದಿಲ್ಲ, ನಿನ್ನ ಕೈಲಾಗದು” ಎಂದು ಕಾಗೆಗೆ ಅವಳ ಸೋದರತ್ತೆ ಹೇಳಿದ್ದಳು. ಕಾಗೆ ಕೇಳಲಿಲ್ಲ. ಅವಳಿದ್ದ ಮರವನ್ನು ಕಡಿದಿದ್ದರು, ಮೊಟ್ಟೆಯಿಡಲು ಕೊಂಬೆ ಬೇಕಿತ್ತು. ಸಂಜೆಯೊಳಗೆ ತಮ್ಮನ್ನು ನಗಿಸಿದರೆ ಕೆರೆಯ ಮರದಲ್ಲಿ ಜಾಗ ಕೊಡುವುದಾಗಿ ಕೊಕ್ಕರೆಗಳು ಒಪ್ಪಿದ್ದವು.

ಬೆಳಿಗ್ಗೆ ಅವಳು ದಡದಲ್ಲಿ ನಿಂತು ಹೇಳಿದಳು: “ನಮ್ಮ ಸೋದರತ್ತೆ ಗೊತ್ತಿಲ್ಲದೆ ಕೋಗಿಲೆಯ ಮರಿಯನ್ನು ಸಾಕಿದಳು. ಅದು ಮೊದಲ ಸಲ ಹಾಡಿದ ದಿನ, ಮಗುವಿನ ಗಂಟಲು ಕೆಟ್ಟಿದೆ ಎಂದು ಊರೆಲ್ಲ ಔಷಧಿ ಹುಡುಕಿದಳು.”

ನೀರಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆಗಳು ಮಿಸುಕಲಿಲ್ಲ. ಕಾಗೆ ಕುಂಟಿದಳು, ಪಲ್ಟಿ ಹೊಡೆದಳು, ಕೊನೆಗೆ ಬಾಲದ ಮೂರು ಗರಿ ಕಿತ್ತು ತಲೆಗೆ ಸಿಕ್ಕಿಸಿಕೊಂಡಳು. ಯಾರೂ ನಗಲಿಲ್ಲ.

ಹೊತ್ತು ಇಳಿಯಿತು. ಕೊಕ್ಕರೆಗಳು ದಡ ಹತ್ತಿದವು, ಹತ್ತಿದ್ದೇ ಬಿದ್ದು ಬಿದ್ದು ನಕ್ಕವು.

“ಈಗೇಕೆ ನಗುತ್ತೀರಿ?” ಎಂದಳು ಕಾಗೆ.

“ಗಂಟಲು ಕೆಟ್ಟಿತಂತಲ್ಲ, ಅದಕ್ಕೆ” ಎಂದಿತು ಹಿರಿಯ ಕೊಕ್ಕರೆ. “ನೀರಿನಲ್ಲಿ ನಕ್ಕರೆ ಮೀನು ಓಡುತ್ತದೆ ತಾಯಿ. ಬೆಳಗಿನಿಂದ ತಡೆದುಕೊಂಡು ಹೊಟ್ಟೆ ನೋವು ಬಂದಿದೆ.”

“ಮತ್ತೆ ನನ್ನ ಗರಿ?”

“ಅದನ್ನು ನೋಡಿ ಪಾಪ ಅನ್ನಿಸಿತು.”

ಈಗ ಆ ಮರದ ಮೇಲಿನ ಕೊಂಬೆ ಅವಳದೇ. ಅದಕ್ಕೆ ತೆತ್ತದ್ದು ಮೂರು ಗರಿ, ಅದೂ ಬೇಕಿರಲಿಲ್ಲ.