ಎರಡು ತಿದಿಗಳ ನಡುವಿನ ಕೊಳವೆ

“ಗುರುಗಳೇ, ತೀರಿಸಲಾಗದಷ್ಟು ಉಪಕಾರ ಪಡೆದವನು, ಉಪಕಾರ ಮಾಡಿದವನ ಕಣ್ಣೆದುರಿಗೇ ಬದುಕುವುದು ಹೇಗೆ?”

ಶಿಷ್ಯ ಹೀಗೆ ಕೇಳುವಾಗ ಬಟ್ಟೆಯ ಗಂಟು ಅವನ ಕಂಕುಳಲ್ಲೇ ಇತ್ತು. ವಾರಗಟ್ಟಲೆ ವಿಷಮಶೀತ ಜ್ವರದಲ್ಲಿ ಬಿದ್ದಿದ್ದವನನ್ನು ಆಶ್ರಮದ ಅಡುಗೆ ನೋಡಿಕೊಳ್ಳುವ ಪರ್ವತಯ್ಯ ಎತ್ತಿ ಕೂರಿಸಿ, ಗಂಜಿ ಕುಡಿಸಿ, ಹೇಸದೆ ಮಲಮೂತ್ರ ಬಳಿದು ಬದುಕಿಸಿದ್ದ. ಈಗ ಜ್ವರ ಬಿಟ್ಟಿತ್ತು. ಆದರೆ ಪರ್ವತಯ್ಯ ಎದುರಾದರೆ ಶಿಷ್ಯನ ತಲೆ ತಾನಾಗಿ ತಗ್ಗುತ್ತಿತ್ತು. ಕೆಲವು ದಿನಗಳಿಂದ ಪರ್ವತಯ್ಯ ತಂದ ಗಂಜಿಯನ್ನು ಶಿಷ್ಯ ಬೇಡವೆಂದು ಹಿಂದಕ್ಕೆ ಕಳಿಸುತ್ತಿದ್ದ. ಇಂದು ಆಶ್ರಮವನ್ನೇ ಬಿಟ್ಟು ಹೋಗಲು ಅಪ್ಪಣೆ ಕೇಳುವುದಕ್ಕೆ ಬಂದಿದ್ದ.

ಗುರುಗಳು ಗಂಟನ್ನು ನೋಡಿದರು. ಸನ್ಯಾಸಕ್ಕೆ ಮುಂಚೆ ಅವರು ಕಾಲೇಜಿನಲ್ಲಿ ಯಂತ್ರಗಳ ಪಾಠ ಹೇಳುತ್ತಿದ್ದವರು. ಮೋಕ್ಷದ ವಿಷಯ ಕೇಳಿದರೂ ಅವರ ಬಾಯಲ್ಲಿ ಗಾಲಿ, ಬೇರಿಂಗುಗಳೇ ಬರುತ್ತಿದ್ದವು.

“ಹೋಗುವುದಾದರೆ ಹೋಗು. ಒಂದು ಕತೆ ಕೇಳಿಕೊಂಡು ಹೋಗು. ಗಂಟು ಕೆಳಗಿಡಪ್ಪ, ಕತೆ ಸ್ವಲ್ಪ ಉದ್ದವಿದೆ” ಎಂದು ಶುರು ಮಾಡಿದರು.

ಒಬ್ಬ ಚಾಲಕನಿದ್ದ. ಬೆಟ್ಟದ ಮೇಲಿನ ಹಳ್ಳಿಗಳಿಂದ ಕೆಳಗಿನ ಸಂತೆಗೆ ಜನರನ್ನು ಕರೆದೊಯ್ಯುವ ಹಳೆಯ ವ್ಯಾನು ಅವನದು. ಒಳ್ಳೆಯವನು. ಮಂಡಿನೋವಿನ ಮುದುಕರನ್ನು ಮನೆ ಬಾಗಿಲಿಗೇ ಇಳಿಸುತ್ತಿದ್ದ. ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲ ಎಂದರೆ ಉಣ್ಣುವ ತಟ್ಟೆ ಬಿಟ್ಟು ವ್ಯಾನು ಹೊರಡಿಸುತ್ತಿದ್ದ. ಆದರೆ ಯಾರ ಕೈಯಿಂದಲೂ ಒಂದು ಲೋಟ ಮಜ್ಜಿಗೆ ಮುಟ್ಟುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನೆಂಟರ ಮನೆಯಲ್ಲಿ ಬೆಳೆದವನು ಅವನು. ಬಂದವರ ಮುಂದೆಲ್ಲ ಆ ನೆಂಟರು ‘ಇವನು ನಮ್ಮ ಅನ್ನ ಉಂಡು ಇಷ್ಟಾದವನು’ ಎಂದು ಬೆನ್ನು ತಟ್ಟಿ ತೋರಿಸುತ್ತಿದ್ದರಂತೆ. ಆ ತಟ್ಟು ಅವನ ಬೆನ್ನಿನಿಂದ ಹೋಗಲೇ ಇಲ್ಲ.

ಆ ದಾರಿಯಲ್ಲಿ ಕಮ್ಮಾರರ ಹೆಂಗಸೊಬ್ಬಳು ಕುಡುಗೋಲು, ಚಾಕು ಮಾರಲು ಸಂತೆಗೆ ಹೋಗುತ್ತಿದ್ದಳು. ಒಮ್ಮೆ ಅವಳ ಗಂಡನಿಗೆ ಎದೆನೋವು ಬಂದಾಗ ಚಾಲಕನೇ ಆಸ್ಪತ್ರೆಗೆ ಮುಟ್ಟಿಸಿದ್ದ. ಗಂಡ ಬದುಕಿದ. ಎದ್ದು ಕುಲುಮೆಯ ಮುಂದೆ ಕೂತ ಮೊದಲ ದಿನವೇ ಚಾಲಕನಿಗೆಂದು ಒಂದು ಚಾಕು ಬಡಿದ. ಹಿಡಿಗೆ ಸೀಬೆಮರದ ತುಂಡು ಕೆತ್ತಿ ಕೂರಿಸಿದ. ಅವಳು ಪ್ರತಿ ಸಂತೆಗೂ ಅದನ್ನು ಚೀಲದಲ್ಲಿಟ್ಟುಕೊಂಡು ಬರುವಳು.

“ತಮ್ಮಾ, ತಗಳಪ್ಪ ಇದನ್ನ.”

“ಬೇಡಕ್ಕಾ. ನಂಗ್ಯಾಕೆ ಚಾಕು?”

“ಈರುಳ್ಳಿ ಹೆಚ್ಚಕ್ಕೆ!”

“ನಾನು ಈರುಳ್ಳಿ ತಿನ್ನಲ್ಲ ಬಿಡಕ್ಕಾ.”

ಇಬ್ಬರೂ ನಗುವರು. ಚಾಕು ಮತ್ತೆ ಚೀಲಕ್ಕೆ ಹೋಗುವುದು. ಚಾಲಕ ನಿಜವಾಗಿಯೂ ನಗುತ್ತಿದ್ದ. ಅವಳ ನಗು ಮಾತ್ರ ವಾರದಿಂದ ವಾರಕ್ಕೆ ಚಿಕ್ಕದಾಗುತ್ತಿತ್ತು. ಅವನು ಗಮನಿಸಲಿಲ್ಲ.

ಹೀಗಿರುವಾಗ ವ್ಯಾನಿಗೆ ಒಂದು ರೋಗ ಬಂತು. ಸ್ಟಿಯರಿಂಗ್ ತಿರುಗಿಸಿದರೆ ಕೆಳಗಿನಿಂದ ಹಾವು ಬುಸುಗುಟ್ಟಿದ ಹಾಗೆ ಸದ್ದು. ಚಾಲಕ ಅಂಗಾತ ಮಲಗಿ ಕೆಳಗೆ ತೂರಿದ. ಇಲ್ಲಿ ಸ್ವಲ್ಪ ಪಾಠ ಹೇಳುತ್ತೇನೆ, ಬೇಸರ ಮಾಡಬೇಡ. ಸ್ಟಿಯರಿಂಗ್ ತಿರುಗಿಸಿದರೆ ಕೆಳಗೆ ಹಲ್ಲುಗಳಿರುವ ಒಂದು ಸರಳು ಎಡಕ್ಕೋ ಬಲಕ್ಕೋ ಸರಿದು ಗಾಲಿಗಳನ್ನು ಹೊರಳಿಸುತ್ತದೆ. ಅದಕ್ಕೆ ರ‍್ಯಾಕ್ ಎನ್ನುತ್ತಾರೆ. ಧೂಳು ಹೊಗದಂತೆ ಅದರ ಎರಡು ತುದಿಗೂ ಮಡಿಕೆ ಮಡಿಕೆಯಾದ ರಬ್ಬರಿನ ತಿದಿಗಳಿರುತ್ತವೆ. ಕುಲುಮೆಯಲ್ಲಿ ಗಾಳಿ ಊದುವ ತಿದಿ ಇಲ್ಲವೇ, ಹಾಗೆಯೇ. ವ್ಯಾನು ಒಂದು ಕಡೆ ಹೊರಳಿದಾಗ ಒಂದು ತಿದಿ ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಕುಗ್ಗಿದ್ದರ ಗಾಳಿ ಹಿಗ್ಗಿದ್ದಕ್ಕೆ ಹೋಗಲೆಂದು ನಡುವೆ ಬೆರಳು ಗಾತ್ರದ ಒಂದು ಕೊಳವೆ. ಅಷ್ಟೇ ಅದರ ಕೆಲಸ. ಅದು ಭಾರ ಹೊರುವುದಿಲ್ಲ, ಎಣ್ಣೆ ಸಾಗಿಸುವುದಿಲ್ಲ. ಇತ್ತಲ ಉಸಿರನ್ನು ಅತ್ತ, ಅತ್ತಲದನ್ನು ಇತ್ತ ಮುಟ್ಟಿಸುತ್ತದೆ.

ಆ ಕೊಳವೆ ಒಣಗಿ ಒಂದು ಕಡೆ ಸಡಿಲವಾಗಿತ್ತು. ಸದ್ದು ಅಲ್ಲಿಂದಲೇ. ಆ ಸಂದಿನಿಂದ ಧೂಳು ಒಳಗೆ ಹೋಗಿ ಸುತ್ತಲೂ ಕಪ್ಪು ಕಲೆ ಬಿದ್ದಿತ್ತು. ಚಾಲಕ ಯೋಚಿಸಿದ. ‘ಇದೊಂದು ಇರುವುದರಿಂದ ತಾನೆ ಇಷ್ಟೆಲ್ಲ? ಅದರ ಗಾಳಿ ಅದಕ್ಕೆ, ಇದರ ಗಾಳಿ ಇದಕ್ಕೆ.’ ಕೊಳವೆಯನ್ನು ಕಿತ್ತು ಬೇಲಿಯಾಚೆ ಎಸೆದ. ಎರಡು ತಿದಿಗಳ ಬಾಯಿಗೂ ರಬ್ಬರ್ ಬಿರಡೆ ಜಡಿದು ಬಿಗಿದ. ಸದ್ದು ನಿಂತಿತು. ಕೈ ಒರೆಸಿಕೊಂಡು ಬಲು ಹೆಮ್ಮೆಪಟ್ಟ.

ಮರುದಿನ ಸಂತೆ. ವ್ಯಾನು ತುಂಬಿತ್ತು. ಕಮ್ಮಾರರ ಹೆಂಗಸು ಮುಂದಿನ ಸೀಟಿನಲ್ಲಿ. ಹಿಂದೆ ಔಷಧಿ ಹೊಡೆಯುವ ಪಂಪನ್ನು ರಿಪೇರಿಗೆ ಒಯ್ಯುತ್ತಿದ್ದ ಒಬ್ಬ ರೈತ, ಬೀಡಿ ಬಿಟ್ಟಿರಲಾರದ ಒಬ್ಬ ಮುದುಕ, ಇನ್ನಷ್ಟು ಜನ. ಇಳಿಜಾರಿನ ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಕೆಳಗೆ ‘ಫಟ್’ ಎಂದಿತು. ಆಮೇಲೆ ಸ್ಟಿಯರಿಂಗ್ ತಿರುಗಿಸಿದರೆ ಹಲ್ಲಿಗೆ ಮರಳು ಸಿಕ್ಕಂತೆ ಕರಕರ. ಮುಂದಿನ ತಿರುವಿನ ಕೆಳಗೆ ಬರೀ ಕಮರಿ. ಚಾಲಕ ಬೆವರಿದ. ಹೇಗೋ ವ್ಯಾನನ್ನು ಬೆಟ್ಟದ ಕಡೆಯ ಚರಂಡಿಗೆ ಒರಗಿಸಿ ನಿಲ್ಲಿಸಿದ. ‘ಇಷ್ಟು ಜನ ನನ್ನನ್ನು ನಂಬಿ ಕೂತವರು’ ಎಂದುಕೊಂಡ.

ಗಾಲಿಗಳಿಗೆ ಕಲ್ಲು ಕೊಟ್ಟು ಕೆಳಗೆ ಬಗ್ಗಿದರೆ, ಒಂದು ತಿದಿಯಲ್ಲಿದ್ದ ಗಾಳಿ ಹೋಗಲು ದಾರಿಯಿಲ್ಲದೆ ಉಬ್ಬಿ, ಕಟ್ಟು ಕಿತ್ತುಕೊಂಡು ಬಾಯಿ ತೆರೆದಿತ್ತು. ಒಳಗೆ ರಸ್ತೆಯ ಧೂಳು. ಇನ್ನೊಂದು ಗಾಳಿ ಸಿಗದೆ ಮುದುಕರ ಕೆನ್ನೆಯ ಹಾಗೆ ಒಳಕ್ಕೆ ಅಂಟಿಕೊಂಡಿತ್ತು.

ಕಮ್ಮಾರರ ಹೆಂಗಸು ಸೆರಗು ಸಿಕ್ಕಿಸಿ ಪಕ್ಕದಲ್ಲೇ ಬಗ್ಗಿದಳು.

“ಅಯ್ಯೋ, ಇದು ತಿದಿ ಅಲ್ವಾ! ಬಾಯಿಗೆ ಬಿರಡೆ ಹಾಕಿದೋರು ಯಾರು?”

“ನಾನೇ ಅಕ್ಕಾ. ಧೂಳು ಹೋಗ್ಬಾರ್ದು ಅಂತ.”

“ತುಂಬಿದ ತಿದಿಗೆ ಬಾಯಿ ಕಟ್ಟಿದ್ರೆ ಅದು ಏನು ಮಾಡ್ಬೇಕು, ಹೇಳು? ಸಾಯ್ಬೇಕಾ?” ಅವಳ ದನಿ ಇದ್ದಕ್ಕಿದ್ದಂತೆ ಏರಿತು. “ನೀನು ಹಿಂಗೇ ಕಣೋ. ನನ್ನ ಗಂಡನ್ನ ಉಳಿಸ್ಕೊಟ್ಟೆ. ಆಮೇಲೆ ನನ್ನ ಬಾಯಿಗೂ ಬಿರಡೆ ಹಾಕ್ದೆ. ಒಂದು ಚಾಕು ಇಟ್ಕಂಡು ಎಷ್ಟು ಸಂತೆ ತಿರುಗ್ಲಿ ನಾನು? ಮನೇಲಿ ಅವರು ಪ್ರತಿ ಸಲ ಕೇಳ್ತಾರೆ, ತಗಂಡ್ನಾ ಅಂತ. ಏನಂತ ಹೇಳ್ಲಿ?”

ಕೊಳವೆಯಿಲ್ಲದೆ ವ್ಯಾನು ಹೋಗುವಂತಿರಲಿಲ್ಲ. ಕೊಳವೆ ಬೇಲಿಯಾಚೆ ಬಿದ್ದಿತ್ತು. ಬೆಟ್ಟದ ನಡುವೆ ಅವನ ಹತ್ತಿರ ಏನೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ಎದ್ದು ನಿಂತು ಎಲ್ಲರ ಮುಂದೆ, “ಯಾರ ಹತ್ರಾನಾದ್ರೂ ಒಂದು ಸಣ್ಣ ಪೈಪಿನ ತುಂಡು ಇದ್ರೆ ಕೊಡಿ” ಎಂದ.

ಕೇಳಿದ್ದೇ ತಡ! ಜನ ಇದಕ್ಕೇ ಕಾದಿದ್ದರೇನೋ ಎಂಬಂತೆ ಇಳಿದರು. ರೈತ ಪಂಪಿನ ಪೈಪನ್ನೇ ಮುಂದೆ ಹಿಡಿದ. “ಎರಡು ಮೊಳ ಕುಯ್ಕೊ. ಹೆಂಗೂ ರಿಪೇರಿಗೆ ಹೊಂಟಿದ್ದೀನಿ, ಇನ್ನೊಂದು ಹಾಕಿಸ್ಕಂತೀನಿ.” ಕುಯ್ಯಲು ಚಾಕು ಬೇಕಿತ್ತು. ಚಾಲಕ ಕೈ ಚಾಚಿದ. ಕಮ್ಮಾರರ ಹೆಂಗಸು ಚೀಲದಿಂದ ಆ ಚಾಕು ತೆಗೆದು ಅವನ ಅಂಗೈಯಲ್ಲಿಟ್ಟಳು. ಬೆಣ್ಣೆ ಕೊಯ್ದಂತೆ ಕೊಯ್ದಿತು.

ಯಾರೋ ಹಳೆಯ ಪಂಚೆ ಹರಿದು ಕೊಟ್ಟರು. ಅದರಿಂದ ಒಳಗಿನ ಧೂಳು ಒರೆಸಿದ. ಎಂದೋ ಡಬ್ಬಿಯಲ್ಲಿ ಉಳಿದಿದ್ದ ಗ್ರೀಸು ಸವರಿದ. ಬಿರಡೆಗಳನ್ನು ಕಿತ್ತು, ಕಳಚಿದ್ದ ತಿದಿಯನ್ನು ಮತ್ತೆ ಕೂರಿಸಿ, ಹೊಸ ಕೊಳವೆ ಸಿಕ್ಕಿಸಿದ. ರೈತ ಮೇಲೆ ಕೂತು ಸ್ಟಿಯರಿಂಗ್ ತಿರುಗಿಸಿದ. ಮತ್ತೆ ಬುಸ್ಸ್! ಎಲ್ಲಿ ಸಡಿಲವೆಂದು ಕಣ್ಣಿಗೆ ಕಾಣದು.

“ಇದಕ್ಕೆ ನಾನೇ ಆಗ್ಬೇಕು” ಎಂದು ಮುದುಕ ಬೀಡಿ ಹಚ್ಚಿಕೊಂಡು ಬಗ್ಗಿದ. ಹೊಗೆಯನ್ನು ಕೊಳವೆಯ ಉದ್ದಕ್ಕೂ ಬಿಟ್ಟ. ರೈತ ಸ್ಟಿಯರಿಂಗ್ ತಿರುಗಿಸಿದಾಗ ಎಡಗಡೆಯ ತುದಿಯಲ್ಲಿ ಒಂದು ಸಂದು ಹೊಗೆಯನ್ನು ಥಟ್ಟನೆ ಒಳಕ್ಕೆ ಎಳೆದುಕೊಂಡಿತು. “ಇಲ್ಲೈತೆ ನೋಡು! ನನ್ನ ಸೊಸೆ ಬೀಡಿ ಬಿಡು ಅಂತಾಳೆ, ಇವತ್ತು ಹೇಳ್ತೀನಿ ಅವಳಿಗೆ.”

ಚಾಲಕ ಆ ತುದಿಯನ್ನು ಬಿಚ್ಚಿ, ಒರೆಸಿ, ಅಂಚು ದಾಟಿ ಕೂರುವವರೆಗೆ ಒಳಕ್ಕೆ ಒತ್ತಿದ. ಕಮ್ಮಾರರ ಹೆಂಗಸು ಚಾಕುಗಳ ಹಿಡಿ ಬಿಗಿಯುವ ತಾಮ್ರದ ತಂತಿ ಕೊಟ್ಟಳು. ಕೊಳವೆ ಅಪ್ಪಚ್ಚಿಯಾಗದಷ್ಟು, ಜಾರದಷ್ಟು ಹದವಾಗಿ ಸುತ್ತಿದ. ಕಿತ್ತುಹೋಗಿದ್ದ ತಿದಿಯ ಬಾಯಿಗೂ ಅದೇ ತಂತಿ. ಮತ್ತೆ ತಿರುಗಿಸಿದರು. ಎಡ ತಿದಿ ಕುಗ್ಗಿತು, ಬಲ ತಿದಿ ತುಂಬಿತು. ಆ ಕಡೆ ತಿರುಗಿಸಿದರೆ ಬಲದ್ದು ಕುಗ್ಗಿತು, ಎಡದ್ದು ತುಂಬಿತು. ಸದ್ದಿಲ್ಲ, ಕರಕರವೂ ಇಲ್ಲ. ಬೀಡಿಯ ಹೊಗೆ ಯಾವ ಕಡೆಗೂ ವಾಲದೆ ನೆಟ್ಟಗೆ ಮೇಲೇರಿತು.

ಚಾಲಕ ಮಣ್ಣಿನಲ್ಲಿ ಹಾಗೇ ಮಲಗಿ ಬಹಳ ಹೊತ್ತು ನೋಡಿದ. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ಧೂಳು ಬಿತ್ತು ಎಂದ. ಯಾರೂ ಇಲ್ಲವೆನ್ನಲಿಲ್ಲ. ಒಬ್ಬಳು ಮಜ್ಜಿಗೆ ಕೊಟ್ಟಳು, ಕುಡಿದ. ಇನ್ನೊಬ್ಬರು ಹುರಿದ ಕಡಲೆಕಾಯಿ ಕೊಟ್ಟರು, ತಿಂದ. “ಇನ್ನೊಂದು ಸ್ವಲ್ಪ ಕೊಡಿ” ಎಂದು ತಾನೇ ಕೇಳಿದ. ವ್ಯಾನು ಹೊರಡುವ ಮುಂಚೆ ಚಾಕುವನ್ನು ಒರೆಸಿ ಮಡಿಸಿದ ಪಂಚೆ ತುಂಡಿನಲ್ಲಿ ಸುತ್ತಿ, ಸೀಟಿನ ಕೆಳಗಿನ ತನ್ನ ಸಾಮಾನಿನ ಪೆಟ್ಟಿಗೆಯಲ್ಲಿಟ್ಟ.

“ಅಣ್ಣಂಗೆ ಹೇಳಕ್ಕಾ, ತಗಂಡ ಅಂತ.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಸಂತೆ ಬರುವವರೆಗೂ ಅವಳ ಮುಖದಿಂದ ನಗು ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೆಳಗಿಟ್ಟ ಗಂಟನ್ನೇ ನೋಡುತ್ತಿದ್ದ.

“ಎರಡರಲ್ಲಿ ಕಟ್ಟು ಕಿತ್ತುಕೊಂಡದ್ದು ಯಾವ ತಿದಿಯಪ್ಪ?”

“ತುಂಬಿದ್ದು, ಗುರುಗಳೇ. ಕೊಡಲು ದಾರಿಯಿಲ್ಲದ್ದು.”

“ಕತೆ ಶುರುವಾದಾಗಿನಿಂದ ಪರ್ವತಯ್ಯ ಗಂಜಿಯ ಬಟ್ಟಲು ಹಿಡಿದುಕೊಂಡು ನಿನ್ನ ಬೆನ್ನ ಹಿಂದೆ ನಿಂತಿದ್ದಾನೆ.”