ಕಂಡೆನ್ಸರ್‌ನ ಹೆದರಿಕೆ

ವಾಲಿಬಾಲ್ ಮೈದಾನದ ದೊಡ್ಡ ದೀಪ ಮಿಣುಕುತ್ತಿದೆಯೆಂದು ಮಿಸ್ತ್ರಿ ದಾದಾಪೀರ್ ಮಧ್ಯಾಹ್ನ ಬಂದ. ದೀಪ ಉರಿಸಿ ನೋಡಿ, ಮೇನ್ ಸ್ವಿಚ್ ಇಳಿಸಿ, ಕಂಬದ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಚೋಕ್ ಮತ್ತು ಕಂಡೆನ್ಸರ್ ಅಕ್ಕಪಕ್ಕ ಕೂತಿದ್ದವು.

“ಅಬ್ಬ, ಕರೆಂಟ್ ಹೋಯಿತು. ಇನ್ನು ಯಾರಿಗೂ ಅಪಾಯವಿಲ್ಲ,” ಎಂದಿತು ಚೋಕ್.

ಕಂಡೆನ್ಸರ್ ಒಪ್ಪಲಿಲ್ಲ. “ನಿನ್ನೊಳಗಿನದು ಹೋಯಿತು, ಅಣ್ಣ. ನಾನು ಕುಡಿದ ಕರೆಂಟ್ ನನ್ನೊಳಗೆ ಹಾಗೇ ಇದೆ. ಮೊದಲು ಮುಟ್ಟಿದವರ ಮೈಗೆ ಅಷ್ಟೂ ನುಗ್ಗುತ್ತದೆ.”

“ಅದನ್ನು ಇಳಿಸಲೆಂದೇ ನಿನ್ನ ಕಾಲುಗಳ ನಡುವೆ ಪುಟ್ಟ ರೆಸಿಸ್ಟರ್ ಇತ್ತಲ್ಲ?”

“ಹೋದ ವರ್ಷ ಅದು ಸುಟ್ಟಿತು. ‘ಇದಿಲ್ಲದಿದ್ರೂ ಲೈಟ್ ಉರಿಯುತ್ತಲ್ಲ, ಬಿಡು’ ಎಂದು ಕತ್ತರಿಸಿ ಬಿಸಾಡಿದರು.”

ಚೋಕ್ ಗಾಬರಿಯಿಂದ ದಾದಾಪೀರನ ಕೈಯಲ್ಲಿದ್ದ ಟೆಸ್ಟರನ್ನು ಕೂಗಿತು. “ತಮ್ಮಾ, ನೀನಾದರೂ ಹೇಳು!”

“ಅವನು ನನ್ನನ್ನು ಸಪ್ಲೈ ವೈರ್‌ಗೆ ಮುಟ್ಟಿಸಿದ. ಅಲ್ಲಿ ಏನೂ ಇರಲಿಲ್ಲ, ನಾನು ಉರಿಯಲಿಲ್ಲ,” ಎಂದಿತು ಟೆಸ್ಟರ್. “ಕಂಡೆನ್ಸರ್ ವಿಷಯ ಅವನು ಕೇಳಲೇ ಇಲ್ಲ.”

ಹಿಂದೆ ನಿಂತಿದ್ದ ಕಾವಲುಗಾರ ಹಾಲಪ್ಪ, “ಹುಷಾರು, ದಾದಾಪೀರಣ್ಣ,” ಎಂದ.

“ಸಪ್ಲೈ ಇಲ್ಲ ಕಣೋ, ನೀನ್ಯಾಕೆ ಹೆದರ್ತೀಯ?” ದಾದಾಪೀರ್ ನಗುತ್ತ ಪೆಟ್ಟಿಗೆಯೊಳಗೆ ಕೈ ಹಾಕಿದ.

ಬೆರಳುಗಳು ಹತ್ತಿರ ಬಂದವು. ಕಂಡೆನ್ಸರ್‌ಗೆ ಹಿಂದೆ ಸರಿಯಲು ಜಾಗವಿರಲಿಲ್ಲ.

“ಅಣ್ಣಾ, ಈ ಬೆರಳು ನನಗೆ ಗೊತ್ತು,” ಎಂದು ಅದು ಚೀರಿತು. “ರೆಸಿಸ್ಟರ್ ಕತ್ತರಿಸಿದ್ದು ಇದೇ ಕೈ!”